ಎಂಟೂವರೆ ಅಡಿ

ಮೊದಲು ಕಣ್ಣು ಹೋಗುವುದು ಕೆಂಪಿಗೇ.
ಅವಳದೂ ಹೋಯಿತು.
ಮೂಲೆಯಲ್ಲಿ ನಿಂತ ಐದೂಮುಕ್ಕಾಲು ಅಡಿಯ ಹಲಗೆ,
ಮೂತಿ ಚೂಪು, ಸೊಂಟ ಸಣ್ಣ,
ಹಿಂಬದಿ ಮೀನಿನ ಬಾಲದಂತೆ ಸೀಳು.
ಬೆಲೆಚೀಟಿ ಓದಲು ಕನ್ನಡಕ ಏರಿಸಿಕೊಂಡಳು.

ನಾನು ಅಂಟು ಕಲಸುತ್ತಿದ್ದೆ.
ಪೆನಿಶ್‌ನಲ್ಲಿ ಸರ್ಫಿನ ಹಲಗೆ ಮಾರುವವನಿಗೆ
ಎರಡು ಕೆಲಸ. ಮುರಿದದ್ದಕ್ಕೆ ತೇಪೆ,
ಮುರಿಯಲಿರುವವರಿಗೆ ಬುದ್ಧಿ.
ಎರಡನೆಯದಕ್ಕೆ ಯಾರೂ ಕಾಸು ಕೊಡುವುದಿಲ್ಲ.

"ಮೊಮ್ಮಗನಿಗಾ?"
"ನನಗೆ."

ದೆವೊಲಿಂದಾ. ಐವತ್ತೇಳು.
ಮೂವತ್ತೊಂದು ವರ್ಷ ಸಾರ್ಡೀನ್ ಕಾರ್ಖಾನೆ,
ತಲೆ ಕತ್ತರಿಸು, ಬಾಲ ಕತ್ತರಿಸು,
ಡಬ್ಬಕ್ಕೆ ಐದೈದರಂತೆ ಒತ್ತೊತ್ತಾಗಿ ಮಲಗಿಸು.
ಕಿಟಕಿ ತೀರ ಮೇಲಿತ್ತಂತೆ.
ಕಡಲು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ.
"ನೀನು ಫೆಲಿಸ್ಮಿನಾಳ ಮಗ ಅಲ್ಲವೇನೋ?
ನಿನ್ನಮ್ಮ ನನ್ನೆದುರಿಗೇ ಕೂರುತ್ತಿದ್ದಳು, ಚಾಕು ಬಲು ಚುರುಕು."

ಪರಿಚಯವಾದ ಮೇಲೆ ಕೇಳುವುದು ಇನ್ನೂ ಕಷ್ಟ.
"ನಿಮ್ಮ ತೂಕ?"
ಸುಂಕದ ಕಟ್ಟೆಯವನನ್ನು ನೋಡುವಂತೆ ನೋಡಿದಳು.
"ನಾನು ಕೇಳದಿದ್ದರೂ
ನೀರು ಕೇಳುತ್ತದೆ, ತಾಯಿ."
ಎಪ್ಪತ್ತೆಂಟು, ಅಂದಳು, ಅಂಗಡಿಯಲ್ಲಿ
ಬೇರೆ ಯಾರಿಲ್ಲದಿದ್ದರೂ ಪಿಸುಮಾತಲ್ಲಿ.
ಬಲಮಂಡಿಯಲ್ಲಿ ಎರಡು ತಿರುಪು ಮೊಳೆ. ಅದನ್ನು ಮಾತ್ರ ಜೋರಾಗಿ.

ನೀಲಿಯದನ್ನು ಎಳೆದು ತಂದೆ.
ಎಂಟೂವರೆ ಅಡಿ, ಮೈಯೆಲ್ಲ ಮೆತ್ತೆ,
ಬಾಡಿಗೆಗೆ ಓಡಾಡಿದ್ದು, ಬೆನ್ನ ಮೇಲೆ ಹದಿನಾಲ್ಕು ಅಂತ ನಂಬರು,
ಯಾರದೋ ಹಲ್ಲಿನ ಗುರುತು.
"ಎಂಬತ್ತೆಂಟು ಲೀಟರು."
ಲೀಟರು ಅವಳಿಗೆ ಗೊತ್ತು.
"ಒಳಗೇನು, ಎಣ್ಣೆಯಾ?"
"ಗಾಳಿ. ಬರೀ ಗಾಳಿ."
"ಗಾಳಿಗೆ ಇನ್ನೂರ ಹತ್ತು ಯೂರೋ!"

ಹೇಳಿದೆ: ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು
ನೆಲದ ಲೆಕ್ಕ.
ಇಲ್ಲಿ ಕಾಲು ಎಷ್ಟೇ ಇರಲಿ,
ಹಾಸಿಗೆ ಅದಕ್ಕಿಂತ ಮೂರಡಿ ಉದ್ದ ಬೇಕು, ಅಗಲವೂ ಬೇಕು,
ನಡುಗುವ ಕಾಲಿಗೆ ಒಂದು ಅಂಗಳದಷ್ಟು ಜಾಗ.
ಚೂಪು ಮೂತಿಯದು ಚೂಪು ಬುದ್ಧಿಯವರಿಗಲ್ಲ,
ಹತ್ತು ವರ್ಷ ಬಿದ್ದವರಿಗೆ.

ಹೇಳದೆ ಉಳಿಸಿಕೊಂಡದ್ದು:
ಆ ಕೆಂಪು ನನ್ನದೇ.
ಹತ್ತೊಂಬತ್ತರಲ್ಲಿ, ಎರಡು ತಿಂಗಳ ಸಂಬಳ ಸುರಿದು,
ಕನ್ನಡಿ ಮುಂದೆ ಹಿಡಿದು ನಿಂತು ಕೊಂಡದ್ದು.
ಒಂದು ಅಲೆಯಲ್ಲೂ ನನ್ನನ್ನು ಹೊರಲಿಲ್ಲ.
ಮಾರಾಟಕ್ಕಿಟ್ಟು ಹದಿನಾರು ವರ್ಷ. ಯಾರಾದರೂ
ಆಸೆಪಟ್ಟರೆ ಬೆಲೆ ಏರಿಸುತ್ತೇನೆ.

ದುಡ್ಡೆಣಿಸಿ ಕೊಟ್ಟಳು. ಕಂಕುಳಲ್ಲಿ ಹಿಡಿಯಲು ಹೋದರೆ
ತೋಳು ಅಂಚಿಗೆ ಎಟುಕದು.
ಎರಡು ಸಲ ನೋಡಿದಳು. ಮೂರನೆಯ ಸಲ
ಕೊರಳ ವಸ್ತ್ರ ಬಿಚ್ಚಿ, ಸುರುಳಿ ಸುತ್ತಿ, ಸಿಂಬಿ ಮಾಡಿ,
ಹಲಗೆಯನ್ನು ತಲೆಗೇರಿಸಿಕೊಂಡಳು.
ಅವಳ ಅಜ್ಜಿ ಮೀನುಬುಟ್ಟಿ ಹೊರುತ್ತಿದ್ದದ್ದು ಹೀಗಂತೆ,
ಕೈ ಬಿಟ್ಟು, ಬೈಯುತ್ತ, ಬೀದಿ ಬೀದಿ.
ತಿರುವಿನಲ್ಲಿ ಬಡಗಣ ಗಾಳಿ
ಹಲಗೆ ಸಮೇತ ಅವಳನ್ನು ಒಂದು ಸುತ್ತು ತಿರುಗಿಸಿತು.
ಬೇಕರಿಯವನ ಕುರ್ಚಿ ಬಿತ್ತು.
ಅವಳು ಬೀಳಲಿಲ್ಲ.

ಗುರುವಾರ ಬಂದಳು, ಕೂದಲು ಒದ್ದೆ,
ಹುಬ್ಬಿನ ಮೇಲೆ ಮರಳು.
ದೂರು: ನೀರಿಗೆ ಉಪ್ಪು ಜಾಸ್ತಿ.
ನಾವಾಗಿದ್ದರೆ ಇಷ್ಟು ಹಾಕುತ್ತಿರಲಿಲ್ಲ.
"ಎದ್ದು ನಿಂತಿರಾ?"
"ಯಾಕೆ ನಿಲ್ಲಲಿ? ಮೂವತ್ತೊಂದು ವರ್ಷ
ಸಾಕಷ್ಟು ಸಾರ್ಡೀನು ಮಲಗಿಸಿದ್ದೇನೆ. ಮಲಗಿದೆ.
ಹಿಂದಿನಿಂದ ಏನೋ ಬಂತು,
ಸೊಂಟಕ್ಕೆ ಕೈ ಕೊಟ್ಟ ಹಾಗೆ ನೂಕಿತು,
ಮಕ್ಕಳು ಗಲಾಟೆ ಮಾಡುತ್ತಿದ್ದರು,
ದಡ ಬಂದುಬಿಟ್ಟಿತು ಕಣೋ."

ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು.
ಕಣ್ಣು ಮತ್ತೆ ಮೂಲೆಗೆ.
ನಾನು ಪೆನ್ನು ಹುಡುಕಿದೆ,
ಬೆಲೆಚೀಟಿಗೆ ಇನ್ನೊಂದು ಸೊನ್ನೆ ಬರೆದೆ.